ಹೈಡ್ರಾಯಿಡುಗಳ ವರ್ಗೀಕರಣ: ರೂಪಲಕ್ಷಣವೂ ಆನುವಂಶಿಕ ಲಕ್ಷಣವೂ

ಕಡಲತೀರದ ಬಂಡೆಗಳ ಮೇಲೆಯೂ ಬಂದರಿನ ಕಂಬಗಳ ಮೇಲೆಯೂ ಹಡಗುಗಳ ತಳದಲ್ಲಿಯೂ ಸಣ್ಣ ಗಿಡಗಳಂತೆ ಬೆಳೆದುಕೊಂಡಿರುವ ಒಂದು ಬಗೆಯ ಜೀವಿಗಳುಂಟು. ಕೆಲವು ಹಕ್ಕಿಯ ಗರಿಯಂತೆಯೂ ಕೆಲವು ಜರೀಗಿಡದ ಎಲೆಯಂತೆಯೂ ಮತ್ತೆ ಕೆಲವು ನೂಲಿನ ಎಳೆಗಳಂತೆಯೂ ತೋರುತ್ತವೆ. ಇವುಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸಿದರೆ ಸಸ್ಯಗಳಲ್ಲವೆಂದು ಹೇಳುವುದು ಕಷ್ಟ. ಆದರೂ ಇವು ಪ್ರಾಣಿಗಳೇ. ಇವುಗಳಿಗೆ ಹೈಡ್ರಾಯಿಡುಗಳೆಂದು ಹೆಸರು. ಹವಳಗಳೂ ಲೋಳೆಮೀನುಗಳೂ ಸೇರಿರುವ ಕುಟುಕುಕಣಗಳುಳ್ಳ ಪ್ರಾಣಿವಂಶದಲ್ಲಿ ಹೈಡ್ರೊಜೋವ ಎಂಬ ವರ್ಗಕ್ಕೆ ಇವು ಸೇರಿವೆ. ಈ ವರ್ಗದಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ಪ್ರಭೇದಗಳು ಗೊತ್ತಾಗಿವೆ.

ಪ್ರಾಣಿಗಳನ್ನು ವಿಂಗಡಿಸಿ ಹೆಸರಿಡುವುದು ಬರಿಯ ಪಟ್ಟಿಮಾಡುವ ಕೆಲಸವೆಂದು ತೋರಬಹುದು. ಆದರೆ ಒಂದು ಪ್ರಾಣಿಯ ವಿಷಯವಾಗಿ ಒಬ್ಬನು ಕಂಡುಕೊಂಡದ್ದನ್ನು ಇನ್ನೊಬ್ಬನು ಉಪಯೋಗಿಸಬೇಕಾದರೆ, ಇಬ್ಬರೂ ಹೇಳುತ್ತಿರುವುದು ಒಂದೇ ಪ್ರಾಣಿಯನ್ನು ಕುರಿತು ಎಂಬ ನಿಶ್ಚಯವಿರಬೇಕು. ಹೆಸರು ತಪ್ಪಿದಲ್ಲಿ ಜ್ಞಾನವೂ ತಪ್ಪುತ್ತದೆ. ಹೈಡ್ರಾಯಿಡುಗಳಲ್ಲಿ ಈ ನಿಶ್ಚಯವು ಎಷ್ಟು ದುರ್ಲಭವಾಗಿದ್ದಿತು, ದೇಹದ ರೂಪವನ್ನು ನೋಡುವ ಹಳೆಯ ಕ್ರಮವೂ ಆನುವಂಶಿಕ ದ್ರವ್ಯವನ್ನು ಓದುವ ಹೊಸ ಕ್ರಮವೂ ಸೇರಿ ಅದನ್ನು ಹೇಗೆ ಸಾಧಿಸುತ್ತಿವೆ, ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇವು ಪ್ರಾಣಿಗಳೆಂಬ ಸಂಗತಿಯೇ ತಡವಾಗಿ ತಿಳಿದುಬಂದಿತು. ಸಿಹಿನೀರಿನ ಹೈಡ್ರದ ಮೇಲೆ ಟ್ರೆಂಬ್ಲೆಯು ನಡಸಿದ ಪ್ರಯೋಗಗಳು ೧೭೪೪ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ೧೭೫೫ರಲ್ಲಿ ಇಂಗ್ಲೆಂಡಿನ ಜಾನ್ ಎಲ್ಲಿಸನು ಸಮುದ್ರದ ಗಿಡಗಳೆಂದು ಎಣಿಸಲ್ಪಟ್ಟಿದ್ದ ಅನೇಕ ಜೀವಿಗಳು ಪ್ರಾಣಿಗಳೆಂದು ತೋರಿಸಿದನು. ಆದರೂ ೧೭೫೮ರಲ್ಲಿ ಲಿನ್ನೇಯಸನು ಇವುಗಳಿಗೆ ಸಸ್ಯಪ್ರಾಣಿಗಳೆಂಬ ಅರ್ಥದ ಹೆಸರನ್ನೇ ಇಟ್ಟನು.

ಇದಕ್ಕಿಂತ ದೊಡ್ಡ ತೊಡಕು ಮುಂದೆ ಕಾದಿದ್ದಿತು. ಹೈಡ್ರಾಯಿಡಿನ ಜೀವನದಲ್ಲಿ ಸಾಮಾನ್ಯವಾಗಿ ಎರಡು ಅವಸ್ಥೆಗಳುಂಟು. ಒಂದೆಡೆ ಅಂಟಿಕೊಂಡು ಬೆಳೆಯುವ ಅವಸ್ಥೆಗೆ ಪಾಲಿಪು ಎಂದು ಹೆಸರು. ಅನೇಕ ಪಾಲಿಪುಗಳು ಒಂದೇ ಬೇರಿನ ಬಲೆಯಿಂದ ಹೊರಟು ಸಂಘವಾಗಿ ಬಾಳುತ್ತವೆ. ಈ ಸಂಘದಲ್ಲಿ ಮೊಗ್ಗುಗಳು ಹುಟ್ಟಿ, ಕಳಚಿಕೊಂಡು, ಗಾಜಿನ ಗಂಟೆಯಂತಹ ಸಣ್ಣ ಲೋಳೆಮೀನುಗಳಾಗಿ ಈಸಿಹೋಗುತ್ತವೆ. ಇದೇ ಮೆಡ್ಯೂಸ ಎಂಬ ಅವಸ್ಥೆ. ಅಂಡವೂ ರೇತಸ್ಸೂ ಹುಟ್ಟುವುದು ಮೆಡ್ಯೂಸದಲ್ಲಿ. ಅವುಗಳ ಸಂಯೋಗದಿಂದಾದ ಮರಿಯು ಕೆಲಕಾಲ ಈಸಿ, ನೆಲೆಕಂಡು, ಮತ್ತೆ ಪಾಲಿಪಾಗುತ್ತದೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಓದುವ ಒಬೀಲಿಯವು ಇದಕ್ಕೆ ಉದಾಹರಣೆ. ೧೮೪೨ರಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರೂಪನು ಇಂತಹ ಪೀಳಿಗೆಗಳ ಪರ್ಯಾಯವನ್ನು ಒಂದು ಸಾಮಾನ್ಯ ತತ್ತ್ವವಾಗಿ ನಿರೂಪಿಸಿದನು.

ಆದರೆ ಅಷ್ಟು ಹೊತ್ತಿಗೆ ದಡದಲ್ಲಿ ಪಾಲಿಪುಗಳನ್ನು ಆರಿಸುವವರು ಒಂದು ಗುಂಪು, ಬಲೆಬೀಸಿ ಮೆಡ್ಯೂಸಗಳನ್ನು ಹಿಡಿಯುವವರು ಇನ್ನೊಂದು ಗುಂಪು ಎಂದಾಗಿದ್ದಿತು. ಸಿಂಕೊರೈನೆ ಎಂಬ ಪಾಲಿಪಿನ ಮೊಗ್ಗು ಕಳಚಿ ಹೋದರೆ ಸಾರ್ಸಿಯ ಎಂಬ ಬೇರೆ ಹೆಸರನ್ನು ಪಡೆಯುತ್ತಿದ್ದಿತು. ೧೮೬೮ರಲ್ಲಿ ಹಿಂಕ್ಸನು ಬ್ರಿಟನ್ನಿನ ಹೈಡ್ರಾಯಿಡುಗಳ ಮೇಲೆ ಬರೆದ ಗ್ರಂಥವೂ ೧೮೭೯ರಲ್ಲಿ ಹೆಕೆಲನು ಮೆಡ್ಯೂಸಗಳ ಮೇಲೆ ಪ್ರಕಟಿಸಿದ ಗ್ರಂಥವೂ ತಮ್ಮ ತಮ್ಮ ಕ್ಷೇತ್ರದಲ್ಲಿ ಪ್ರಮಾಣವಾದವು. ಒಂದೇ ಪ್ರಾಣಿಗೆ ಎರಡು ವಂಶಾವಳಿಗಳಿದ್ದಂತಾಯಿತು. ಪಾಲಿಪನ್ನು ಸಾಕಿ, ಅದರಿಂದ ಹುಟ್ಟುವ ಮೆಡ್ಯೂಸವನ್ನು ಬೆಳೆಸಿ ನೋಡುವ ತಾಳ್ಮೆಯ ಕೆಲಸದಿಂದ ಇವೆರಡನ್ನೂ ಹೊಂದಿಸಲು ಇಪ್ಪತ್ತನೆಯ ಶತಮಾನದ ಬಹುಭಾಗ ಹಿಡಿಯಿತು.

ರೂಪವೊಂದನ್ನೇ ನಂಬಿದರೆ ಮೋಸಹೋಗುವ ಸಂದರ್ಭಗಳು ಇನ್ನೂ ಎರಡುಂಟು. ಹೈಡ್ರಾಯಿಡಿನ ಸಂಘವು ಗಿಡದಂತೆಯೇ ನೆಲೆಗೆ ತಕ್ಕಂತೆ ಬೆಳೆಯುತ್ತದೆ. ಅಲೆಗಳ ಹೊಡೆತ, ಆಹಾರದ ಸಮೃದ್ಧಿ, ನೀರಿನ ಉಷ್ಣತೆ ಇವುಗಳಿಗನುಸಾರವಾಗಿ ಕಾಂಡದ ಉದ್ದವೂ ಕವಲುಗಳ ಸಂಖ್ಯೆಯೂ ಬದಲಾಗುತ್ತವೆ. ಆದುದರಿಂದ ಒಂದೇ ಪ್ರಭೇದದ ಎರಡು ಸಂಘಗಳು ಬೇರೆ ಬೇರೆಯಾಗಿ ಕಾಣಬಹುದು. ಎರಡನೆಯದಾಗಿ, ಅನೇಕ ಪ್ರಭೇದಗಳಲ್ಲಿ ಮೆಡ್ಯೂಸವು ಕಳಚಿಕೊಳ್ಳುವುದೇ ಇಲ್ಲ. ಅದು ಸಂಘದ ಮೇಲೆಯೇ ಕುಗ್ಗಿದ ಚೀಲವಾಗಿ ಉಳಿದು ಅಲ್ಲಿಯೇ ಅಂಡಗಳನ್ನು ಬಲಿಸುತ್ತದೆ. ಮೆಡ್ಯೂಸವು ಬಿಡುಗಡೆಯಾಗುವ ಪ್ರಭೇದಗಳು ಒಂದು ಜಾತಿ, ಆಗದಿರುವವು ಇನ್ನೊಂದು ಜಾತಿ ಎಂದು ವಿಂಗಡಿಸುವುದು ಸಹಜವಾಗಿ ತೋರುತ್ತಿದ್ದಿತು. ಆದರೆ ೧೯೯೩ರಲ್ಲಿ ಕನಿಂಗ್‌ಹ್ಯಾಮ್ ಮತ್ತು ಬಸ್ ಎಂಬವರು ಹೈಡ್ರಾಕ್ಟಿನಿಯದ ಕುಟುಂಬದ ಡಿ.ಎನ್.ಎ.ಯನ್ನು ಪರೀಕ್ಷಿಸಿ, ಆ ಒಂದು ಕುಟುಂಬದಲ್ಲಿಯೇ ಮೆಡ್ಯೂಸದ ಕುಗ್ಗುವಿಕೆಯು ಒಂದಕ್ಕಿಂತ ಹೆಚ್ಚು ಸಲ ಪ್ರತ್ಯೇಕವಾಗಿ ನಡೆದಿದೆಯೆಂದು ತೋರಿಸಿದರು. ೨೦೦೬ರಲ್ಲಿ ಗೋವಿಂದರಾಜನ್, ಬೋಯೆರೊ, ಹಾಲನಿಚ್ ಎಂಬವರು ಒಬೀಲಿಯದ ಕುಟುಂಬದಲ್ಲಿಯೂ ಇದೇ ಸಂಗತಿಯನ್ನು ಕಂಡರು. ಬೇರೆ ಬೇರೆ ಕಾಲದಲ್ಲಿ ಕಳೆದುಕೊಂಡ ಒಂದೇ ಅಂಗವು ನೆಂಟಸ್ತಿಕೆಯ ಗುರುತಾಗಲಾರದಷ್ಟೆ.

ಇನ್ನು ಆನುವಂಶಿಕ ಕ್ರಮವೆಂದರೇನೆಂಬುದನ್ನು ನೋಡಬಹುದು. ಜೀವಕೋಶದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬರುವ ಡಿ.ಎನ್.ಎ. ಎಂಬ ದ್ರವ್ಯವು ನಾಲ್ಕು ಬಗೆಯ ಘಟಕಗಳ ಉದ್ದನೆಯ ಸಾಲಾಗಿದೆ. ಹೈಡ್ರಾಯಿಡುಗಳಲ್ಲಿ ವಿಶೇಷವಾಗಿ ಉಪಯೋಗಿಸುವುದು ಕೋಶದ ಮೈಟೊಕಾಂಡ್ರಿಯದಲ್ಲಿರುವ ೧೬ಎಸ್ ಎಂಬ ಜೀನಿನ ಸುಮಾರು ೬೦೦ ಘಟಕಗಳ ಒಂದು ತುಣುಕನ್ನು. ಸಂಘದಿಂದ ಒಂದೆರಡು ಪಾಲಿಪುಗಳನ್ನು ತೆಗೆದು, ಅವುಗಳ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಬೇಕಾದ ತುಣುಕನ್ನು ಪ್ರಯೋಗಶಾಲೆಯಲ್ಲಿ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ, ಘಟಕಗಳ ಅನುಕ್ರಮವನ್ನು ಓದುತ್ತಾರೆ. ಅನಂತರ ಬೇರೆ ಬೇರೆ ಪ್ರಾಣಿಗಳ ಅನುಕ್ರಮಗಳನ್ನು ಒಂದರ ಕೆಳಗೊಂದು ಹೊಂದಿಸಿ ಭೇದಗಳನ್ನು ಎಣಿಸುತ್ತಾರೆ. ಸಮೀಪದ ನೆಂಟರಲ್ಲಿ ಭೇದ ಅಲ್ಪ, ದೂರದವರಲ್ಲಿ ಅಧಿಕ. ಪಾಲಿಪಿನ ಅನುಕ್ರಮವೂ ಅದೇ ಪ್ರಾಣಿಯ ಮೆಡ್ಯೂಸದ ಅನುಕ್ರಮವೂ ಒಂದೇ ಆಗಿರುವುದರಿಂದ, ಸಾಕಿ ನೋಡದೆಯೂ ಎರಡು ಅವಸ್ಥೆಗಳನ್ನು ಜೋಡಿಸಬಹುದು. ಇದೇ ಈ ಕ್ರಮದ ಮೊದಲನೆಯ ಉಪಕಾರ.

ಎರಡು ಕ್ರಮಗಳೂ ಸೇರಿದಾಗ ಆಗುವ ಪ್ರಯೋಜನಕ್ಕೆ ಟರಿಟಾಪ್ಸಿಸ್ ಎಂಬ ಜಾತಿಯ ಕಥೆಯು ಒಳ್ಳೆಯ ನಿದರ್ಶನ. ೧೮೫೭ರಲ್ಲಿ ಮೆಕ್ರೇಡಿ ಎಂಬವನು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಿಂದ ಟರಿಟಾಪ್ಸಿಸ್ ನ್ಯೂಟ್ರಿಕುಲ ಎಂಬ ಪ್ರಭೇದವನ್ನು ವರ್ಣಿಸಿದನು. ೧೮೮೩ರಲ್ಲಿ ವೈಸ್‌ಮನ್ ಎಂಬ ಜರ್ಮನ್ ಪಂಡಿತನು ಮೆಡಿಟರೇನಿಯನ್ ಸಮುದ್ರದ ಒಂದು ಹೈಡ್ರಾಯಿಡಿಗೆ, ನೇಪಲ್ಸಿನ ಪ್ರಾಣಿಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಆಂಟನ್ ಡೋರ್ನನ ಗೌರವಾರ್ಥವಾಗಿ, ಡೋರ್ನಿ ಎಂಬ ಪ್ರಭೇದನಾಮವನ್ನು ಕೊಟ್ಟನು. ಆನುವಂಶಿಕತೆಗೆ ಆಧಾರವಾದ ದ್ರವ್ಯವು ಬೀಜಕೋಶಗಳ ಮೂಲಕ ಪೀಳಿಗೆಗಳಲ್ಲಿ ಹರಿದುಬರುತ್ತದೆಂಬ ಸಿದ್ಧಾಂತಕ್ಕೆ ವೈಸ್‌ಮನ್ನನು ಬಂದದ್ದು ಇದೇ ಹೈಡ್ರಾಯಿಡುಗಳ ಬೀಜಕೋಶಗಳನ್ನು ಪರೀಕ್ಷಿಸುತ್ತಿದ್ದಾಗ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ೧೮೯೫ರಲ್ಲಿ ಫಾರ್ಕ್ವಾರನು ನ್ಯೂಜಿಲೆಂಡಿನಿಂದ ರೂಬ್ರ ಎಂಬ ಮೂರನೆಯದನ್ನು ವರ್ಣಿಸಿದನು.

ಆದರೆ ಈ ಮೆಡ್ಯೂಸಗಳು ಒಂದನ್ನೊಂದು ಬಹಳ ಹೋಲುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದಲ್ಲಿ ಅನೇಕ ತಜ್ಞರು ಎಲ್ಲವನ್ನೂ ನ್ಯೂಟ್ರಿಕುಲ ಎಂಬ ಒಂದೇ ಹೆಸರಿನ ಕೆಳಗೆ ಸೇರಿಸಿ, ಅದು ಲೋಕದ ಸಮುದ್ರಗಳಲ್ಲೆಲ್ಲ ಹರಡಿರುವ ಪ್ರಭೇದವೆಂದು ಎಣಿಸಿದರು. ಹೀಗಿರಲು ಇಟಲಿಯ ವಿಜ್ಞಾನಿಗಳು ೧೯೯೨ರಲ್ಲಿಯೂ ೧೯೯೬ರಲ್ಲಿಯೂ ಒಂದು ಆಶ್ಚರ್ಯವನ್ನು ಪ್ರಕಟಿಸಿದರು. ಟರಿಟಾಪ್ಸಿಸಿನ ಮೆಡ್ಯೂಸವು ಹಸಿವಿನಿಂದಲೋ ಗಾಯದಿಂದಲೋ ಮುಪ್ಪಿನಿಂದಲೋ ಬಳಲಿದಾಗ ಸಾಯುವ ಬದಲು ಕುಗ್ಗಿ ಉಂಡೆಯಾಗಿ, ತಳಕ್ಕೆ ಅಂಟಿ, ಬೇರುಬಿಟ್ಟು, ಮತ್ತೆ ಪಾಲಿಪಾಗುತ್ತದೆ! ಪ್ರಾಯಕ್ಕೆ ಬಂದು ಸಂತಾನಶಕ್ತಿಯನ್ನು ಪಡೆದ ಪ್ರಾಣಿಯು ಶೈಶವಕ್ಕೆ ಹಿಂದಿರುಗುವುದೆಂದರೆ ಸಾಮಾನ್ಯವಲ್ಲ. ಈ ವಾರ್ತೆಯು ನ್ಯೂಟ್ರಿಕುಲ ಎಂಬ ಹೆಸರಿನಲ್ಲಿಯೇ ಎಲ್ಲೆಡೆ ಹರಡಿತು.

೨೦೦೪ರಲ್ಲಿ ಶೂಖರ್ಟ್ ಎಂಬ ತಜ್ಞರು ಯೂರೋಪಿನ ಹೈಡ್ರಾಯಿಡುಗಳನ್ನು ಪರಿಷ್ಕರಿಸುವಾಗ, ಮೆಡಿಟರೇನಿಯನ್ನಿನ ಪ್ರಾಣಿಯು ಅಮೆರಿಕದ ನ್ಯೂಟ್ರಿಕುಲವಲ್ಲವೆಂದು ನಿರ್ಣಯಿಸಿ, ವೈಸ್‌ಮನ್ನನು ಕೊಟ್ಟಿದ್ದ ಡೋರ್ನಿ ಎಂಬ ಹೆಸರನ್ನು ಮತ್ತೆ ಬಳಕೆಗೆ ತಂದರು. ೨೦೦೭ರಲ್ಲಿ ಮಿಲ್ಯೆಟ್ಟ, ಪಿರಾಯಿನೊ, ಕುಬೋಟ, ಶೂಖರ್ಟ್ ಇವರು ಬೇರೆ ಬೇರೆ ಸಮುದ್ರಗಳ ಟರಿಟಾಪ್ಸಿಸುಗಳ ೧೬ಎಸ್ ಅನುಕ್ರಮಗಳನ್ನು ಹೋಲಿಸಿ ನೋಡಲಾಗಿ, ಲೋಕವ್ಯಾಪಿಯೆಂದು ಹೇಳಲಾಗಿದ್ದ ನ್ಯೂಟ್ರಿಕುಲವು ವಾಸ್ತವವಾಗಿ ಹಲವು ಪ್ರಭೇದಗಳ ಕಲಬೆರಕೆಯೆಂದು ಸ್ಥಿರಪಟ್ಟಿತು. ಹಿಂದಕ್ಕೆ ಬೆಳೆಯುವ ಪ್ರಸಿದ್ಧ ಪ್ರಾಣಿಯು ಡೋರ್ನಿಯೇ ಹೊರತು ನ್ಯೂಟ್ರಿಕುಲವಲ್ಲ. ಇಲ್ಲಿ ರೂಪಪರೀಕ್ಷೆಯು ಪ್ರಶ್ನೆಯನ್ನೆತ್ತಿತು, ಡಿ.ಎನ್.ಎ. ಅದರ ನಿರ್ಣಯಕ್ಕೆ ಬಲಕೊಟ್ಟಿತು. ಹೆಸರನ್ನೊದಗಿಸಿದುದು ನೂರಿಪ್ಪತ್ತು ವರ್ಷಗಳ ಹಿಂದಿನ ಗ್ರಂಥ.

ಇದೇ ಪ್ರಾಣಿಯು ವಿರುದ್ಧದಿಕ್ಕಿನ ಪಾಠವನ್ನೂ ಕಲಿಸಿತು. ೨೦೦೯ರಲ್ಲಿ ಮಿಲ್ಯೆಟ್ಟ ಮತ್ತು ಲೆಸಿಯೋಸ್ ಎಂಬವರು ಮೆಡಿಟರೇನಿಯನ್, ಜಪಾನ್, ಪನಾಮ ಮೊದಲಾದ ಅತಿದೂರದ ನೆಲೆಗಳ ಡೋರ್ನಿಗಳಲ್ಲಿ ಒಂದೇ ಅನುಕ್ರಮವಿರುವುದನ್ನು ಕಂಡರು. ಆದರೆ ಪನಾಮದ ಮೆಡ್ಯೂಸಗಳಿಗೆ ಎಂಟೇ ಕರಬಳ್ಳಿಗಳು; ಸಮಶೀತೋಷ್ಣ ಸಮುದ್ರಗಳವುಗಳಿಗೆ ಅದಕ್ಕಿಂತ ಬಹಳ ಹೆಚ್ಚು. ಕರಬಳ್ಳಿಗಳನ್ನೆಣಿಸಿ ವಿಂಗಡಿಸುವವನು ಇವುಗಳನ್ನು ಎರಡು ಪ್ರಭೇದಗಳೆಂದೇ ಹೇಳುತ್ತಿದ್ದನು. ಹಡಗುಗಳು ತೂಕಕ್ಕಾಗಿ ತುಂಬಿಕೊಳ್ಳುವ ನೀರಿನ ಮೂಲಕ ಈ ಪ್ರಾಣಿಯು ಯಾರಿಗೂ ತಿಳಿಯದಂತೆ ಸಮುದ್ರದಿಂದ ಸಮುದ್ರಕ್ಕೆ ಸಾಗಿರಬೇಕೆಂದು ಅವರು ಊಹಿಸಿದರು. ಹೀಗೆ ಒಂದೇ ಜಾತಿಯಲ್ಲಿ, ಒಂದು ರೂಪದ ಹಿಂದೆ ಹಲವು ಪ್ರಭೇದಗಳೂ ಹಲವು ರೂಪಗಳ ಹಿಂದೆ ಒಂದು ಪ್ರಭೇದವೂ ಅಡಗಿದ್ದುವು.

ಹೆಸರಿನ ಈ ತಿದ್ದುಪಡಿಯ ಫಲವು ವರ್ಗೀಕರಣದ ಎಲ್ಲೆಯನ್ನು ದಾಟಿ ಹೋಯಿತು. ೨೦೨೨ರಲ್ಲಿ ಸ್ಪೇನಿನ ವಿಜ್ಞಾನಿಗಳು ಡೋರ್ನಿಯ ಸಮಗ್ರ ಆನುವಂಶಿಕ ಸಾಮಗ್ರಿಯನ್ನು, ಸಂತಾನೋತ್ಪತ್ತಿಯ ತರುವಾಯ ಹಿಂದಿರುಗಲಾರದ ರೂಬ್ರದ ಸಾಮಗ್ರಿಯೊಡನೆ ಹೋಲಿಸಿ, ಮುಪ್ಪನ್ನು ಮೀರುವ ಶಕ್ತಿಗೆ ಯಾವ ಯಾವ ಜೀನುಗಳ ಭೇದವು ಸಂಬಂಧಿಸಿರಬಹುದೆಂದು ವಿಚಾರಮಾಡಿದರು. ಇವೆರಡನ್ನೂ ನ್ಯೂಟ್ರಿಕುಲವೆಂದೇ ಕರೆಯುತ್ತಿದ್ದ ಕಾಲದಲ್ಲಿ ಇಂತಹ ಹೋಲಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಹಾಗಾದರೆ ರೂಪಪರೀಕ್ಷೆಯನ್ನು ಬಿಟ್ಟು ಡಿ.ಎನ್.ಎ.ಯೊಂದನ್ನೇ ಓದಿದರೆ ಸಾಲದೆ ಎಂದು ಕೇಳಬಹುದು. ಸಾಲದೆಂಬುದಕ್ಕೆ ಕಾರಣಗಳುಂಟು. ಮೊದಲನೆಯದಾಗಿ, ಅನುಕ್ರಮವು ತನ್ನ ಹೆಸರನ್ನು ತಾನೇ ಹೇಳುವುದಿಲ್ಲ. ಪ್ರಭೇದದ ಹೆಸರು ಮೂಲಮಾದರಿಯಾದ ಒಂದು ಪ್ರಾಣಿಗೂ ಅದರ ವರ್ಣನೆಗೂ ಕಟ್ಟುಬಿದ್ದಿದೆ. ಹಳೆಯ ಮಾದರಿಗಳು ಎಷ್ಟೋ ಸಲ ನಷ್ಟವಾಗಿರುತ್ತವೆ, ಅಥವಾ ಡಿ.ಎನ್.ಎ.ಯನ್ನು ಕೆಡಿಸುವ ಫಾರ್ಮಲಿನ್ನಿನಲ್ಲಿ ಇರುತ್ತವೆ. ಅಂತಹ ಹೆಸರನ್ನು ಇಂದಿನ ಅನುಕ್ರಮಕ್ಕೆ ಸೇರಿಸುವ ಸೇತುವೆ ರೂಪವೊಂದೇ. ಎರಡನೆಯದಾಗಿ, ಹೈಡ್ರಾಯಿಡಿನ ಮೇಲೆ ಇನ್ನೊಂದು ಹೈಡ್ರಾಯಿಡು ಹಬ್ಬಿರುವುದು ಸಾಮಾನ್ಯ. ಅಜಾಗರೂಕತೆಯಿಂದ ಅತಿಥಿಯ ಡಿ.ಎನ್.ಎ.ಯನ್ನು ಆತಿಥೇಯನದೆಂದು ಓದುವ ಸಂಭವವುಂಟು. ಮೂರನೆಯದಾಗಿ, ಮೈಟೊಕಾಂಡ್ರಿಯದ ಒಂದು ತುಣುಕು ಹೇಳುವುದು ಆ ತುಣುಕಿನ ವಂಶಚರಿತ್ರೆಯನ್ನು ಮಾತ್ರ. ಇಷ್ಟು ಭೇದವಿದ್ದರೆ ಬೇರೆ ಪ್ರಭೇದವೆಂದು ಎಲ್ಲ ಕುಟುಂಬಗಳಿಗೂ ಒಂದೇ ಅಳತೆಗೋಲನ್ನು ಹಿಡಿಯಲಾಗುವುದಿಲ್ಲ.

ಆದುದರಿಂದ ಎಚ್ಚರಿಕೆಯುಳ್ಳ ಶೋಧಕನು ಒಂದು ಸಂಘವನ್ನು ಸಂಗ್ರಹಿಸಿದಾಗ ಅದನ್ನು ಎರಡು ಭಾಗಮಾಡುತ್ತಾನೆ. ರೂಪವನ್ನು ಚೆನ್ನಾಗಿ ಉಳಿಸುವ ಫಾರ್ಮಲಿನ್ನಿನಲ್ಲಿ ಒಂದು ಭಾಗ. ಮೃದುವಾದ ಅಂಗಗಳನ್ನು ಕುಗ್ಗಿಸಿದರೂ ಡಿ.ಎನ್.ಎ.ಯನ್ನು ಕಾಪಾಡುವ ಮದ್ಯಸಾರದಲ್ಲಿ ಇನ್ನೊಂದು ಭಾಗ. ಜೀವಂತವಾಗಿರುವಾಗಲೇ ಚಿತ್ರವನ್ನು ತೆಗೆದು, ಪಾಲಿಪಿನ ಬಟ್ಟಲು, ಕರಬಳ್ಳಿಗಳ ಜೋಡಣೆ, ಬೀಜಾಂಗಗಳು, ಕುಟುಕುಕಣಗಳ ಬಗೆ ಮತ್ತು ಅಳತೆ ಇವುಗಳನ್ನು ಬರೆದಿಡುತ್ತಾನೆ. ಅನುಕ್ರಮವನ್ನು ಪ್ರಕಟಿಸುವಾಗ, ಅದು ಯಾವ ವಸ್ತುಸಂಗ್ರಹಾಲಯದ ಯಾವ ಮಾದರಿಯಿಂದ ಬಂದದ್ದೆಂಬುದನ್ನು ಸೂಚಿಸುತ್ತಾನೆ. ಮುಂದೆ ಸಂಶಯ ಬಂದವರು ಆ ಮಾದರಿಯನ್ನೇ ತೆರೆದು ನೋಡಬಹುದು. ಹಳೆಯ ಹೆಸರೊಂದನ್ನು ಸ್ಥಿರಪಡಿಸಬೇಕಾದಲ್ಲಿ, ಮೊದಲ ಮಾದರಿಯು ದೊರೆತ ಸ್ಥಳಕ್ಕೇ ಹೋಗಿ ಹೊಸ ಪ್ರಾಣಿಯನ್ನು ತರುವುದು ಉತ್ತಮ. ರೂಪವೂ ಅನುಕ್ರಮವೂ ಒಂದೇ ವಿಭಾಗವನ್ನು ತೋರಿಸಿದರೆ ನಿರ್ಣಯವು ದೃಢವಾಗುತ್ತದೆ. ಅವು ಪರಸ್ಪರ ವಿರೋಧಿಸಿದರೆ ಒಂದನ್ನು ತಳ್ಳಿಹಾಕುವುದು ಸರಿಯಲ್ಲ. ವಿರೋಧಕ್ಕೆ ಕಾರಣವನ್ನು ಹುಡುಕಬೇಕು. ಕರಬಳ್ಳಿಗಳ ಸಂಖ್ಯೆಯಲ್ಲಿ ನೆಲೆಗೆ ತಕ್ಕ ಭೇದವುಂಟೆಂಬುದು ಹೊರಬಿದ್ದುದು ಇಂತಹ ವಿರೋಧದಿಂದಲೇ.

ಭಾರತದ ಕರಾವಳಿಗೂ ಈ ವಿಚಾರವು ಅನ್ವಯಿಸುತ್ತದೆ. ೧೯೬೩ರಿಂದ ೧೯೬೫ರ ವರೆಗೆ ಮಾಮ್ಮೆನ್ ಎಂಬವರು ದಕ್ಷಿಣ ಭಾರತದ ಹೈಡ್ರಾಯಿಡುಗಳನ್ನು ಕುರಿತು ಪ್ರಕಟಿಸಿದ ಲೇಖನಮಾಲೆಯಂತಹ ಕೃತಿಗಳು ರೂಪಪರೀಕ್ಷೆಯ ಮೇಲೆ ನಿಂತವು. ಅಂತಹ ವರ್ಣನೆಗಳು ಹಳತಾದುವೆಂದು ಕಡೆಗಣಿಸತಕ್ಕವಲ್ಲ. ಅವುಗಳಿಲ್ಲದೆ ಹೊಸ ಅನುಕ್ರಮಗಳನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ತಿಳಿಯದು. ಆದರೆ ದೂರದ ಸಮುದ್ರದ ಪ್ರಾಣಿಯ ಹೆಸರು ಇಲ್ಲಿಯ ಪ್ರಾಣಿಗೂ ಸಲ್ಲುತ್ತದೆಂದು ಹೇಳಿರುವ ಕಡೆಗಳಲ್ಲೆಲ್ಲ, ಆ ಹೆಸರನ್ನು ಸಿದ್ಧವಾದ ಸತ್ಯವೆಂದಲ್ಲದೆ ಪರೀಕ್ಷಿಸಬೇಕಾದ ಊಹೆಯೆಂದು ತಿಳಿಯುವುದು ಯುಕ್ತ. ಆ ಪರೀಕ್ಷೆಗೆ ಸೂಕ್ಷ್ಮದರ್ಶಕ ಯಂತ್ರದ ಮುಂದೆ ಕುಳಿತು ಪಳಗಿದ ಕಣ್ಣೂ ಬೇಕು, ಡಿ.ಎನ್.ಎ.ಯನ್ನು ಓದುವ ಪ್ರಯೋಗಶಾಲೆಯೂ ಬೇಕು. ಎರಡನೆಯದನ್ನು ಹಣದಿಂದ ಬೇಗನೆ ಒದಗಿಸಬಹುದು. ಮೊದಲನೆಯದು ವರ್ಷಗಳ ಅಭ್ಯಾಸದಿಂದಲ್ಲದೆ ಬರುವುದಿಲ್ಲ.