ವಾಹನ ಮಾರಾಟದಲ್ಲಿಯೂ ಸತ್ಯಶುದ್ಧತೆ

ಮಕ್ಕಳು ಕಲಿಯಲೆಂದು ಕೊಂಡ ಮೋಟಾರು ಸೈಕಲ್ಲನ್ನು ಕೆಲವೇ ಸಾವಿರ ಕಿಲೋಮೀಟರು ಓಡಿದ ಮೇಲೆ ಮಾರುವ ಪ್ರಸಂಗ ಅನೇಕ ಮನೆಗಳಲ್ಲಿ ಒದಗುತ್ತದೆ. ಕೊಳ್ಳುವವರು ಪರಿಚಿತರೆಂಬ ಸಲುಗೆಯಿಂದ ನಾವು ಹಣ ಪಡೆದು ಕೀಲಿಕೈ ಕೊಟ್ಟು ಸುಮ್ಮನಾಗುತ್ತೇವೆ. ಇದು ತರವಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಮೇರೆಗೆ, ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಕೈಯಿಂದ ಕೈಗೆ ಮಾರಾಟವಾದ ವಾಹನವೊಂದರ ಅಪಘಾತದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರುಳ್ಳ ಮೊದಲ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ.

ಕಾಯಿದೆಗಿಂತ ಮಿಗಿಲಾದುದು ಅಂತಃಸಾಕ್ಷಿ. ‘ಕಡಿಮೆ ಓಡಿದೆ’ ಎಂಬುದು ಅರ್ಧಸತ್ಯವಾಗಬಾರದು. ಕಲಿಯುವವರ ಕೈಯಲ್ಲಿ ಕ್ಲಚ್ಚು ಸವೆದಿರಬಹುದು, ಬಿದ್ದು ಹ್ಯಾಂಡಲ್ ಸೊಟ್ಟಗಾಗಿರಬಹುದು. ಬಹುಕಾಲ ನಿಂತ ವಾಹನದ ಬ್ಯಾಟರಿ ಸೊರಗಿ, ಟೈರು ಬಿರುಕು ಬಿಟ್ಟಿರಬಹುದು. ಇವನ್ನು ಮುಚ್ಚಿಟ್ಟರೆ, ನಾಳೆ ಅದನ್ನೇರುವ ಇನ್ನೊಬ್ಬರ ಮಗನ ಪ್ರಾಣವನ್ನೇ ಪಣಕ್ಕಿಟ್ಟಂತೆ. ಲೋಪವನ್ನು ತಾನಾಗಿ ಹೇಳಿದವನಿಗೆ ಸಾವಿರ ರೂಪಾಯಿ ಕಡಿಮೆ ಬಂದೀತು. ಆದರೆ ಆ ಹಣದಿಂದಲೇ ನಮ್ಮ ಮನೆಯಲ್ಲಿ ಅಡಿಗೆಯಾಗಿ, ಲಿಂಗಕ್ಕೆ ಅರ್ಪಿತವಾಗಿ, ಪ್ರಸಾದವಾಗಬೇಕಲ್ಲವೇ? ಮರೆಮಾಚಿ ಗಳಿಸಿದುದು ಪ್ರಸಾದವಾಗುವುದು ಹೇಗೆ? ಶರಣಬಂಧುಗಳು ವಿಚಾರಿಸಬೇಕು.