ಚಳಿಯಲ್ಲಿ ಟ್ರ್ಯಾಕ್ಟರ್ ನಿಂತರೆ ಮೊದಲು ಡೀಸೆಲ್ ದಾರಿ ನೋಡಿ

ಕಳೆದ ಜನವರಿಯ ಒಂದು ಬೆಳಿಗ್ಗೆ ಟೊಮೆಟೊ ನಾಟಿಗೆ ಹೊಲ ಹದ ಮಾಡೋಕೆ ಹೊರಟೆ. ಟ್ರ್ಯಾಕ್ಟರ್ ಸ್ಟಾರ್ಟ್ ಆಯ್ತು, ರೋಟವೇಟರ್ ಇಳಿಸಿದ ಕೂಡಲೇ ಕೆಮ್ಮಿ ನಿಂತಿತು. ಆಳುಗಳು ಬದುವಿನ ಮೇಲೆ ಕಾಯ್ತಿದ್ರು. ನಾನು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಇಳಿಸಿದೆ. ಅರ್ಧ ದಿನದ ಕೂಲಿ ದಂಡ.

‘ಚಳಿಗೆ ಡೀಸೆಲ್ ಗಟ್ಟಿಯಾಗಿದೆ’ ಅಂದ್ರು ಪಕ್ಕದ ಹೊಲದವರು. ಲಡಾಖ್‌ನಂಥ ಕಡೆ ಡೀಸೆಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುವುದು ನಿಜ. ನನ್ನ ಫಿಲ್ಟರಿನಲ್ಲಿ ಸಿಕ್ಕಿದ್ದು ಮಾತ್ರ ನೀರು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಯಾಗಿ ತಳ ಸೇರುತ್ತೆ.

ಹೀಗೆ ನೋಡಿ:

1. ಟ್ಯಾಂಕಿನ ಮುಚ್ಚಳ ಸಡಿಲಿಸಿ ಎಂಜಿನ್ ಓಡಿಸಿ. ಸರಿಹೋದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ.

2. ಎಂಜಿನ್ ಆಫ್ ಮಾಡಿ, ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತೆ. ಬರೀ ಡೀಸೆಲ್ ಬರುವವರೆಗೆ ಬಿಡಿ.

3. ಫಿಲ್ಟರ್ ಕೊಳೆಯಾಗಿದ್ದರೆ ಹೊಸದು ಹಾಕಿ.

4. ಏರ್ ತೆಗೆಯಿರಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ.

ಇಂಜೆಕ್ಟರ್ ಪೈಪಿಗೆ ಕೈ ಹಾಕಬೇಡಿ, ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳುತ್ತೆ. ಹೊಸ ಸಿಆರ್‌ಡಿಐ ಎಂಜಿನ್ ಆದರೆ ಮೆಕ್ಯಾನಿಕ್‌ಗೆ ಬಿಡಿ. ಸೀಮೆಎಣ್ಣೆ ಬೆರೆಸಬೇಡಿ, ಪಂಪ್ ಸವೆಯುತ್ತೆ.

ಈಗ ನಾನು ಸಂಜೆ ಕೆಲಸ ಮುಗಿದ ತಕ್ಷಣ ಟ್ಯಾಂಕ್ ತುಂಬಿಸಿಡ್ತೀನಿ. ಖಾಲಿ ಜಾಗ ಇಲ್ಲದಿದ್ದರೆ ನೀರು ಎಲ್ಲಿಂದ ಬರಬೇಕು?