ಹಾಡು ಓಡುತ್ತಿದೆ, ಸದ್ದೇ ಇಲ್ಲ!

ಬ್ರೌಸರಿನಲ್ಲಿ ಹಾಡು ಕೇಳಿಸದೆ ಹೋದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಸ್ಪೀಕರನ್ನು. ವೈರು ಅಲ್ಲಾಡಿಸುತ್ತಾರೆ, ವಾಲ್ಯೂಮ್ ಬಟನ್ ಒತ್ತೀ ಒತ್ತೀ ನೋಡುತ್ತಾರೆ, ಕೊನೆಗೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಎಷ್ಟೋ ಸಲ ಅದರಿಂದಲೇ ಸರಿಹೋಗುತ್ತದೆ ಕೂಡ. ಆದರೆ ಕೆಟ್ಟದ್ದು ಏನು ಎಂಬುದು ಗೊತ್ತಾಗದ ಕಾರಣ ಮರುವಾರ ಮತ್ತೆ ಅದೇ ಗೋಳು. ನಿಜ ಹೇಳಬೇಕೆಂದರೆ, ಇಂಥ ಮೌನದಲ್ಲಿ ಬಹುಪಾಲು ಕೆಟ್ಟದ್ದೇನೂ ಇರುವುದಿಲ್ಲ. ದಾರಿಯಲ್ಲಿ ಯಾರೋ ಒಬ್ಬರು ಬೇಕೆಂದೇ ಬಾಯಿ ಮುಚ್ಚಿಸಿರುತ್ತಾರೆ.

ಆ ‘ಯಾರೋ’ ಎಲ್ಲಿದ್ದಾರೆಂದು ಪತ್ತೆಹಚ್ಚಲು ಟ್ಯಾಬಿನ ಮೇಲೊಂದು ಪುಟ್ಟ ಸುಳಿವಿದೆ. ಯಾವ ಟ್ಯಾಬಿನಿಂದ ಸದ್ದು ಹೊರಡುತ್ತಿದೆಯೋ ಅದರ ಮೇಲೆ ಸ್ಪೀಕರ್ ಗುರುತು ಮೂಡುತ್ತದೆ. ಕ್ರೋಮ್‌ಗೆ ಇದು ಬಂದದ್ದು 2014ರಲ್ಲಿ. ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಗುರುತು ಕಾಣುತ್ತಿದ್ದೂ ಸದ್ದು ಕೇಳದಿದ್ದರೆ ಬ್ರೌಸರ್ ತನ್ನ ಕೆಲಸ ಮಾಡುತ್ತಿದೆ, ತೊಂದರೆ ಅದರಿಂದಾಚೆ ಎಂದರ್ಥ. ಗುರುತೇ ಇಲ್ಲದಿದ್ದರೆ ತೊಂದರೆ ಪುಟದಲ್ಲೋ ಬ್ರೌಸರಿನಲ್ಲೋ ಇದೆ. ಇಷ್ಟು ತಿಳಿದರೆ ಅರ್ಧ ಹುಡುಕಾಟ ಮುಗಿಯಿತು.

ಗುರುತಿನ ಮೇಲೆ ಅಡ್ಡಗೆರೆ ಇದ್ದರೆ ಯಾರೋ ಮ್ಯೂಟ್ ಮಾಡಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. 2018ರಿಂದೀಚೆಗೆ ಕ್ರೋಮ್‌ನಲ್ಲಿ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯೂಟ್ ಒತ್ತಿದರೆ ಬಾಯಿ ಕಟ್ಟುವುದು ಆ ಒಂದು ಟ್ಯಾಬಿನದಲ್ಲ, ಇಡೀ ಸೈಟಿನದು. ನಾಳೆ ಬ್ರೌಸರ್ ತೆರೆದರೂ ಆ ಸೈಟು ಮೂಕವಾಗಿಯೇ ಇರುತ್ತದೆ. ಮನೆಯಲ್ಲಿ ಮಕ್ಕಳೋ ಮತ್ತೊಬ್ಬರೋ ಕಾಟ ತಾಳಲಾರದೆ ಒಮ್ಮೆ ಒತ್ತಿ ಮರೆತದ್ದು ಹೀಗೆ ತಿಂಗಳುಗಟ್ಟಲೆ ಕಾಡಬಹುದು.

ಗುರುತು ಸರಿಯಾಗಿದ್ದೂ ಸದ್ದಿಲ್ಲವೇ? ಸದ್ದು ಬೇರೆ ಕಡೆ ಹೋಗುತ್ತಿರಬೇಕು. ಎಚ್‌ಡಿಎಂಐ ಕೇಬಲ್ಲಿನಲ್ಲಿ ಮಾನಿಟರ್ ಜೋಡಿಸಿದಾಗ ವಿಂಡೋಸ್ ಧ್ವನಿಯನ್ನೂ ಅದಕ್ಕೇ ಕಳಿಸಿಬಿಡುವುದುಂಟು, ಮಾನಿಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೂ. ಬ್ಲೂಟೂತ್ ನೆಕ್‌ಬ್ಯಾಂಡ್ ಆಫ್ ಮಾಡದೆ ಪಕ್ಕದ ಕೋಣೆಯಲ್ಲಿ ಬಿಟ್ಟಿದ್ದರೂ ಇದೇ ಕಥೆ. ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆದರೆ ಪ್ರತಿ ಆ್ಯಪಿಗೂ ಬೇರೆಬೇರೆ ವಾಲ್ಯೂಮ್ ಇರುವುದು ಕಾಣುತ್ತದೆ. ಹಾಡು ಓಡುತ್ತಿರುವಾಗಲೇ ತೆರೆಯಿರಿ, ಇಲ್ಲದಿದ್ದರೆ ಬ್ರೌಸರಿನ ಹೆಸರೇ ಅಲ್ಲಿ ಕಾಣದಿರಬಹುದು.

ಸದ್ದು ಬರುತ್ತಿದೆ, ಆದರೆ ಹಳೇ ಲ್ಯಾಂಡ್‌ಲೈನಿನಂತೆ ಸೊರಗಿದೆ ಎನ್ನುವವರು ಬೇರೆ ಟ್ಯಾಬಿನಲ್ಲಿ ವಿಡಿಯೊ ಮೀಟಿಂಗ್ ತೆರೆದಿದೆಯೇ ನೋಡಬೇಕು. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್ ಒಳ್ಳೆಯ ಸ್ಟೀರಿಯೊ ಕೊಡುವುದು ಅದರ ಮೈಕ್ ಸುಮ್ಮನಿದ್ದಾಗ ಮಾತ್ರ. ಮೈಕ್ ಆನ್ ಆದೊಡನೆ ಅದು ಫೋನ್ ಕರೆಯ ವಿಧಾನಕ್ಕೆ ಬದಲಾಗಿ, ಗುಣಮಟ್ಟ ಪಾತಾಳಕ್ಕಿಳಿಯುತ್ತದೆ. ಮೀಟಿಂಗಿಗೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡರೆ ಹಾಡು ಮತ್ತೆ ತುಂಬಿ ಬರುತ್ತದೆ.

ಟ್ಯಾಬಿನಲ್ಲಿ ಗುರುತೇ ಇಲ್ಲದಿರುವುದಕ್ಕೆ ದೊಡ್ಡ ಕಾರಣ ಬ್ರೌಸರುಗಳೇ ತಂದ ಒಂದು ನಿಯಮ. ಪುಟ ತೆರೆದ ಕೂಡಲೇ ಜಾಹೀರಾತು ಅರಚುವುದು ಜನರಿಗೆ ಸಾಕಾಗಿಹೋಗಿತ್ತು. 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66, ಬಳಕೆದಾರರು ಪುಟವನ್ನು ಮುಟ್ಟದೆ ಸದ್ದು ಹೊರಡಬಾರದು ಎಂದಿತು. ಮರುವರ್ಷ ಫೈರ್‌ಫಾಕ್ಸ್ ಕೂಡ ಅದೇ ಹಾದಿ ಹಿಡಿಯಿತು. ನಿಯಮ ಒಳ್ಳೆಯದೇ, ಜಾರಿಗೆ ತಂದ ಅವಸರ ಮಾತ್ರ ಅಲ್ಲ. ಬ್ರೌಸರಿನಲ್ಲೇ ಆಡುವ ಎಷ್ಟೋ ಹಳೆಯ ಆಟಗಳು ರಾತ್ರೋರಾತ್ರಿ ಮೂಕವಾದವು. ಆಟ ರೂಪಿಸಿದವರು ಗಲಾಟೆ ಎಬ್ಬಿಸಿದ ಮೇಲೆ ಮೇ ತಿಂಗಳಲ್ಲಿ ಗೂಗಲ್ ಆಟಗಳಿಗೆ ತಟ್ಟಿದ್ದ ಭಾಗವನ್ನು ಹಿಂದಕ್ಕೆ ತೆಗೆದುಕೊಂಡು, ತಿದ್ದಿ, ಡಿಸೆಂಬರಿನಲ್ಲಿ ಮತ್ತೆ ತಂದಿತು.

ಕಂಪ್ಯೂಟರಿನ ಕ್ರೋಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಸೈಟಿನಲ್ಲಿ ನೀವು ಎಷ್ಟು ಕೇಳುತ್ತೀರಿ ಎಂದು ಲೆಕ್ಕ ಇಡುತ್ತದೆ. ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು, ಮ್ಯೂಟ್ ಇಲ್ಲದೆ, ತೆರೆದ ಟ್ಯಾಬಿನಲ್ಲಿ ನೋಡಿದ ವಿಡಿಯೊ ಆ ಲೆಕ್ಕಕ್ಕೆ ಸೇರುತ್ತದೆ. ಅಂಕ ಸಾಕಷ್ಟಿದ್ದ ಸೈಟಿಗೆ ತಾನಾಗಿ ಸದ್ದು ಮಾಡುವ ಅನುಮತಿ ಸಿಗುತ್ತದೆ. ಒಂದೇ ಪುಟ ಗಂಡನ ಲ್ಯಾಪ್‌ಟಾಪಿನಲ್ಲಿ ಹಾಡಿ ಹೆಂಡತಿಯದರಲ್ಲಿ ಸುಮ್ಮನಿದ್ದರೆ ಅಚ್ಚರಿಪಡಬೇಕಿಲ್ಲ. ಪುಟದ ಮೇಲೆ ಎಲ್ಲಾದರೂ ಒಮ್ಮೆ ಕ್ಲಿಕ್ ಮಾಡಿ, ಪ್ಲೇ ಒತ್ತಿದರಾಯಿತು.

ಹಳೆಯ ಇಂಟರ್ನೆಟ್ ರೇಡಿಯೊಗಳ ಪಾಡು ಬೇರೆ. ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು, ಹಾಡು ಮಾತ್ರ ಹಳೇ ಎಚ್‌ಟಿಟಿಪಿ ವಿಳಾಸದಿಂದ ಬರುತ್ತಿದ್ದರೆ 2020ರಿಂದ ಕ್ರೋಮ್ ಅದನ್ನು ತಡೆಯುತ್ತದೆ. ಫ್ಲಾಶ್ ಪ್ಲೇಯರ್ ನಂಬಿಕೊಂಡಿದ್ದ ಪುಟಗಳಂತೂ 2021ರ ಜನವರಿಯಿಂದ ಸತ್ತಂತೆಯೇ. ಇವೆರಡನ್ನೂ ಕೇಳುಗರು ಸರಿಪಡಿಸಲಾಗದು, ಸೈಟಿನವರೇ ಮನಸ್ಸು ಮಾಡಬೇಕು.

ಇನ್ನು ಯೂಟ್ಯೂಬ್ ಸೇರಿ ಎಲ್ಲ ಸೈಟುಗಳೂ ಒಮ್ಮೆಗೇ ಗಪ್‌ಚುಪ್ ಆದರೆ? ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಸದ್ದು ಬಂದರೆ ಅವುಗಳಲ್ಲೊಂದು ಕಳ್ಳ. ಅಲ್ಲೂ ಬರದಿದ್ದರೆ ಕ್ರೋಮ್‌ನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಉಪಾಯವಿದೆ. ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಆಡಿಯೊ ಸರ್ವೀಸ್’ ಎಂಬ ಸಾಲನ್ನು ಆರಿಸಿ ಅದನ್ನಷ್ಟೇ ನಿಲ್ಲಿಸಿ. ಅದು ಮತ್ತೆ ತಾನಾಗಿ ಶುರುವಾಗುತ್ತದೆ, ತೆರೆದಿಟ್ಟ ಟ್ಯಾಬುಗಳು ಹಾಗೇ ಉಳಿಯುತ್ತವೆ, ರೀಸ್ಟಾರ್ಟಿನ ತಾಪತ್ರಯ ತಪ್ಪುತ್ತದೆ.

ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ಯುವ ಮೊದಲು ಕಂಪ್ಯೂಟರಿನಲ್ಲೇ ಇರುವ ಒಂದು ಎಂಪಿ3 ಹಾಡನ್ನು ವಿಎಲ್‌ಸಿಯಂಥ ಪ್ಲೇಯರಿನಲ್ಲಿ ಹಾಕಿ ಕೇಳಿ. ಅದು ಸರಿಯಾಗಿ ಕೇಳಿಸಿದರೆ ಸ್ಪೀಕರಿಗೆ ಏನೂ ಆಗಿಲ್ಲ, ದುಡ್ಡು ಖರ್ಚು ಮಾಡಬೇಡಿ.